ಹೊಗಳಿಕೆಯ ಬೇಲಿ

ಬಿಳಿಗಿರಿರಂಗನ ಬೆಟ್ಟದ ಸೋಲಿಗ ಆದಿವಾಸಿಗಳ ಬಗ್ಗೆ ನಮ್ಮ ಪತ್ರಿಕೆಗಳಲ್ಲಿ ಬರುವ ಲೇಖನಗಳಲ್ಲಿ ಒಂದು ಸಂಗತಿ ಮಾತ್ರ ತಪ್ಪುವುದಿಲ್ಲ. ಜೇನು ಕೀಳುವವರು ಹುಟ್ಟನ್ನು ಪೂರಾ ಬರಿದು ಮಾಡುವುದಿಲ್ಲ, ಕಾಡಿನ ಉಳಿದ ಜೀವಗಳಿಗೆಂದು ಒಂದು ಪಾಲು ಬಿಟ್ಟು ಬರುತ್ತಾರೆ ಎಂಬುದು ಅದು. ಸುಳ್ಳೇನಲ್ಲ. ಆದರೆ ಬರೆದವರು ಅಲ್ಲಿಗೇ ಕೈಮುಗಿದು ಎದ್ದುಬಿಡುತ್ತಾರೆ. ಆ ಮರದ ಜೇನು ಯಾರ ಪಾಲಿನದು, ಯಾವ ಕಡೆ ಯಾವಾಗ ಕೀಳಬಹುದೆಂದು ಹೇಳುವವರು ಯಾರು, ಮಾತು ಮೀರಿದವನಿಗೆ ಏನು ಮಾಡುತ್ತಾರೆ, ಕಾಡಿನ ಉತ್ಪನ್ನ ಕೊಳ್ಳುವ ಆದಿವಾಸಿ ಸಹಕಾರ ಸಂಘವಾದ ಲ್ಯಾಂಪ್ಸ್ ಸೊಸೈಟಿಯಲ್ಲಿ ಆ ಜೇನಿಗೆ ಬೆಲೆ ಕಟ್ಟುವವರು ಯಾರು? ಈ ಪ್ರಶ್ನೆಗಳನ್ನು ಯಾರೂ ಕೇಳುವುದಿಲ್ಲ. ಕೇಳಿದರೆ ಜಾನಪದ ಮುಗಿದು ಆಡಳಿತ ಶುರುವಾಗುತ್ತದೆ.

ಆದಿವಾಸಿಗಳ ಸ್ವಯಮಾಡಳಿತ ಎಂದಾಕ್ಷಣ ನಮ್ಮ ಓದುಬಲ್ಲ ವಲಯಕ್ಕೆ ಹೊಳೆಯುವ ಚಿತ್ರ ಒಂದೇ. ಹಿರಿಯರ ವಿವೇಕ, ಪ್ರಕೃತಿಯೊಡನೆ ಒಡನಾಟ, ಎಲ್ಲರೂ ಒಂದೇ ಮನಸ್ಸು, ರಾಜಕೀಯದ ಸೋಂಕೇ ಇಲ್ಲ. ಇದು ಆದಿವಾಸಿಗಳ ವೈರಿಗಳ ಅಭಿಪ್ರಾಯವಲ್ಲ, ಮಿತ್ರರದ್ದು. ನನ್ನ ತಕರಾರು ಇರುವುದು ಈ ಮಿತ್ರರ ಜೊತೆಗೇ. ತಾನಾಗಿ ಹುಟ್ಟಿದ್ದು ಎಂದು ಹೊಗಳಿಸಿಕೊಂಡ ವ್ಯವಸ್ಥೆಗೆ ಅಧಿಕಾರ ಕೊಡುವ ಅಗತ್ಯ ಯಾರಿಗೂ ಕಾಣುವುದಿಲ್ಲ. ಅದನ್ನು ಕಾಪಾಡಿದರೆ ಸಾಕು ಅನ್ನಿಸುತ್ತದೆ, ಮತ್ತು ಕಾಪಾಡುವ ಕೆಲಸಕ್ಕೆ ಇಲಾಖೆಗಳು ಇದ್ದೇ ಇವೆ.

ಸೋಲಿಗರ ಪೋಡುಗಳ, ಅಂದರೆ ಅವರ ಊರುಗಳ, ಕುಲ ಪಂಚಾಯ್ತಿಯನ್ನೇ ನೋಡಿ. ಯಜಮಾನ, ಚಲವಾದಿ, ಕೋಲುಕಾರ, ಪೂಜೆಯ ತಮ್ಮಡಿ ಎಂದು ಅಲ್ಲಿ ಕೆಲಸ ಹಂಚಿಕೆಯಾಗಿದೆ. ಹುಡುಗ ಹುಡುಗಿ ಓಡಿಹೋಗಿ ಕಾಡು ಸೇರಿಕೊಳ್ಳುವುದು ಸೋಲಿಗರಲ್ಲಿ ಮದುವೆಯ ಒಂದು ಒಪ್ಪಿತ ದಾರಿ. ಕೆಲವು ದಿನ ಕಳೆದು ಜೋಡಿ ಪೋಡಿಗೆ ವಾಪಸು ಬಂದರೆ ಯಜಮಾನರು ಕೂರುತ್ತಾರೆ. ಮೊದಲು ನೋಡುವುದು ಕುಲ. ಇಬ್ಬರದೂ ಒಂದೇ ಕುಲವಾದರೆ ಆ ಮದುವೆ ನಡೆಯುವಂತಿಲ್ಲ. ಬೇರೆಬೇರೆಯಾದರೆ ತಪ್ಪಿಗೊಂದು ದಂಡ, ಹೆಣ್ಣಿನ ಕಡೆಯವರಿಗೆ ತೆರ, ಎಲ್ಲರಿಗೂ ಊಟ, ಅಲ್ಲಿಗೆ ಮದುವೆ ಊರ್ಜಿತ. ಎರಡು ಮನೆಯವರ ಕೋಪಕ್ಕೂ ಒಂದು ಬೆಲೆ ಇದೆ, ಕೋಪ ಮುಗಿಯುವುದಕ್ಕೂ ಒಂದು ದಿನ ಇದೆ. ಬಿಳಿಗಿರಿಯ ದೇವರು ರಂಗಯ್ಯನೂ ಸೋಲಿಗರ ಕುಸುಮಾಲೆಯನ್ನು ಕಟ್ಟಿಕೊಂಡವನೇ. ಆದ್ದರಿಂದ ಅವನು ಅವರಿಗೆ ಸ್ವಾಮಿಗಿಂತ ಹೆಚ್ಚಾಗಿ ಭಾವ. ಬಯಲಿನ ಶ್ರೀವೈಷ್ಣವ ದೇವರನ್ನೇ ನೆಂಟಸ್ತಿಕೆಯ ಲೆಕ್ಕಕ್ಕೆ ತಂದು ಕೂರಿಸಿದ ಜನಕ್ಕೆ ರಾಜಕೀಯ ಗೊತ್ತಿಲ್ಲ ಎನ್ನುವವರಿಗೆ ಏನು ಹೇಳುವುದು! ಜಗಳವೇ ಇಲ್ಲದ ಸಮಾಜಕ್ಕೆ ದಂಡದ ಪದ್ಧತಿ ಯಾತಕ್ಕೆ ಬೇಕು? ಇಲ್ಲಿರುವುದು ಜಗಳವನ್ನು ಎಣಿಕೆಗೆ ತೆಗೆದುಕೊಂಡು ಕಟ್ಟಿದ ವ್ಯವಸ್ಥೆ.

ತರಗು ಬೆಂಕಿಯ ವಿಷಯ ಇದಕ್ಕಿಂತ ಗಂಭೀರ. ಬೇಸಗೆಯ ಮೊದಲಲ್ಲಿ, ಹುಲ್ಲು ಪೂರ್ತಿ ಒಣಗುವ ಮುಂಚೆ, ನೆಲದ ತರಗೆಲೆಗೆ ಸೋಲಿಗರು ಸಣ್ಣಗೆ ಬೆಂಕಿ ಕೊಡುತ್ತಿದ್ದರು. ಆ ಬೆಂಕಿ ನೆಲದ ಮಟ್ಟದಲ್ಲೇ ಹರಿದು ಹೋಗುತ್ತಿತ್ತು, ದೊಡ್ಡ ಮರಕ್ಕೆ ಏರುತ್ತಿರಲಿಲ್ಲ. ಪೊದೆ ಹದ್ದುಬಸ್ತಿನಲ್ಲಿರುತ್ತಿತ್ತು. ನೆಲ್ಲಿಮರ ಹಿಂಡುವ ಬದನಿಕೆ, ಅವರ ಬಾಯಲ್ಲಿ ಉಪ್ಪಿಲು, ಹತೋಟಿಯಲ್ಲಿತ್ತು ಎಂದು ಅವರು ಹೇಳುತ್ತಾರೆ. 1974ರಲ್ಲಿ ಬಿಳಿಗಿರಿರಂಗನ ಬೆಟ್ಟ ಅಭಯಾರಣ್ಯವಾಯಿತು. ಬೇಟೆ, ಕುಮರಿ ಬೇಸಾಯದ ಜೊತೆಗೆ ಬೆಂಕಿಯೂ ಅಪರಾಧವಾಯಿತು. ಆಮೇಲೆ ಲಂಟಾನ ಬೆಳೆಯಿತು. 1997ರಿಂದ 2008ರ ನಡುವೆ ಅದು ಕಾಡಿನಲ್ಲಿ ಹಬ್ಬಿದ ಪ್ರಮಾಣ ಹೆಚ್ಚೂಕಡಿಮೆ ಇಮ್ಮಡಿಯಾದದ್ದನ್ನು ಸಂಶೋಧಕರೇ ಅಳೆದು ದಾಖಲಿಸಿದ್ದಾರೆ. ಲಂಟಾನ ಹಬ್ಬಿದ್ದಕ್ಕೆ ಬೆಂಕಿ ನಿಂತದ್ದೊಂದೇ ಕಾರಣವೇ ಎಂಬುದರಲ್ಲಿ ವಾದವಿದೆ, ಇರಲಿ. ನನ್ನ ಪ್ರಶ್ನೆ ಬೇರೆ. ಎಲ್ಲಿ, ಯಾವಾಗ, ಎಷ್ಟು ಬೆಂಕಿ ಎಂಬ ತೀರ್ಮಾನ ಒಂದು ಆಡಳಿತದ ತೀರ್ಮಾನವಾಗಿತ್ತಲ್ಲ, ಅದನ್ನು ನಾವು ಏನೆಂದು ಕರೆದೆವು? ವಿರೋಧಿಸಿದವರು ಕಾಡು ಸುಡುವ ಮೂಢತನ ಎಂದರು. ಬೆಂಬಲಿಸಿದವರು ಪಾರಂಪರಿಕ ಜ್ಞಾನ ಎಂದರು. ಇದು ಅವರ ಅಧಿಕಾರ ಎಂಬ ಮಾತು ಎರಡೂ ಕಡೆಯಿಂದ ಬರಲಿಲ್ಲ. ಜ್ಞಾನವಾದರೆ ಅದನ್ನು ದಾಖಲಿಸಿಕೊಂಡು ಕಪಾಟಿನಲ್ಲಿಡಬಹುದು. ಅಧಿಕಾರವಾದರೆ ಬಿಟ್ಟುಕೊಡಬೇಕಾಗುತ್ತದೆ.

ಬಿಟ್ಟುಕೊಡುವಂತೆ ಕಾನೂನೇ ಹೇಳುತ್ತದೆ. 2006ರ ಅರಣ್ಯ ಹಕ್ಕು ಕಾಯ್ದೆ ಸಾಮುದಾಯಿಕ ಅರಣ್ಯವನ್ನು ರಕ್ಷಿಸುವ, ಪುನರುಜ್ಜೀವಗೊಳಿಸುವ, ನಿರ್ವಹಿಸುವ ಹಕ್ಕನ್ನು ಗ್ರಾಮಸಭೆಗೆ ಕೊಟ್ಟಿದೆ. 2011ರ ಜನವರಿಯಲ್ಲಿ ಬಿಳಿಗಿರಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅಕ್ಟೋಬರ್ 2ರಂದು ಅಲ್ಲಿನ 25 ಗ್ರಾಮಸಭೆಗಳಿಗೆ ಸಾಮುದಾಯಿಕ ಹಕ್ಕುಪತ್ರ ಸಿಕ್ಕಿತು. ಹುಲಿ ಕಾಡಿನೊಳಗೆ ಇಂಥ ಹಕ್ಕುಪತ್ರ ಪಡೆದವರಲ್ಲಿ ದೇಶದಲ್ಲೇ ಸೋಲಿಗರು ಮೊದಲಿಗರು. ಇದು ಹೇಗೆ ಸಿಕ್ಕಿತು? ಕಾಡಿನ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂಬ ತಮ್ಮ ಪವಿತ್ರ ತಾಣಗಳನ್ನೆಲ್ಲ ಹಿರಿಯರು ಓಡಾಡಿ ತೋರಿಸಿದರು. ಹುಡುಗರು ಜಿಪಿಎಸ್ ಹಿಡಿದು ಗುರುತು ಹಾಕಿದರು. ನಕ್ಷೆಯಾಯಿತು. ತಾಲ್ಲೂಕು ಮಟ್ಟದ ಸೋಲಿಗರ ಸಂಘಗಳು, ಸೋಲಿಗರೇ ಆದ ಸಿ. ಮಾದೇಗೌಡರಂಥ ಓದಿದವರು ಅರ್ಜಿ ಬರೆದರು, ಕಚೇರಿ ಸುತ್ತಿದರು, ಸಭೆ ಕರೆದರು. ತಮ್ಮಡಿ ಮತ್ತು ಅರ್ಜಿ ಬರೆಯುವವನು ಒಂದೇ ಚಾಪೆಯ ಮೇಲೆ ಕೂತರು. ನಾಯಕತ್ವ ಎಂದರೆ ಇದೇ. ನಮ್ಮ ಲೇಖನಗಳಲ್ಲಿ ಮಾತ್ರ ತಮ್ಮಡಿಯ ಫೋಟೊ ಬರುತ್ತದೆ, ಅರ್ಜಿಯದ್ದು ಬರುವುದಿಲ್ಲ.

ಅರ್ಜಿ ಹಿಡಿದ ಆದಿವಾಸಿಯನ್ನು ಕಂಡರೆ ನಮಗೇಕೋ ಕಸಿವಿಸಿ. 2025ರ ಮೇ ತಿಂಗಳಲ್ಲಿ ಐವತ್ತಕ್ಕೂ ಹೆಚ್ಚು ಜೇನುಕುರುಬ ಕುಟುಂಬಗಳು ನಾಗರಹೊಳೆ ಕಾಡಿನ ತಮ್ಮ ಹಳೆಯ ಹಾಡಿ (ಊರು) ಕರಡಿಕಲ್ಲು ಅತ್ತೂರು ಕೊಲ್ಲಿಗೆ ಮರಳಿ ಹೋಗಿ, ಅರಣ್ಯ ಹಕ್ಕು ಕಾಯ್ದೆಯನ್ನು ಮುಂದಿಟ್ಟು ಗುಡಿಸಲು ಹಾಕಿದವು. ಇಂಥ ಪ್ರತಿ ಸಂದರ್ಭದಲ್ಲೂ ಏಳುವ ಪಿಸುಮಾತು ಒಂದೇ: ಇವರ ಹಿಂದೆ ಯಾರಿದ್ದಾರೆ? ಹಾಡಿದರೆ, ಕುಣಿದರೆ, ದೇವರು ಮೈಮೇಲೆ ಬಂದರೆ ಅದು ಅವರ ಸ್ವಂತದ್ದು. ಕಾಯ್ದೆಯ ಕಲಂ ಮೂರು, ಕಲಂ ಐದು ಎಂದರೆ ಯಾರೋ ಹೇಳಿಕೊಟ್ಟದ್ದು. 2022ರಲ್ಲಿ 'ಕಾಂತಾರ' ನೋಡಿ ನಾವೆಲ್ಲ ಶಿಳ್ಳೆ ಹೊಡೆದೆವು. ಅಲ್ಲಿ ದೈವವೇ ಬಂದು ಅರಣ್ಯ ಅಧಿಕಾರಿಯ ಕೈಯನ್ನೂ ಊರವರ ಕೈಯನ್ನೂ ಸೇರಿಸುತ್ತದೆ. ಸಿನಿಮಾಕ್ಕೆ ಅದು ಸರಿ. ಆದರೆ ಜಮೀನಿನ ವ್ಯಾಜ್ಯ ದೈವದ ಮೂಲಕ ಬಗೆಹರಿದಾಗ ನಮಗೆ ಆದ ಸಮಾಧಾನ, ಗ್ರಾಮಸಭೆಯ ಠರಾವಿನ ಮೂಲಕ ಬಗೆಹರಿದರೆ ಆಗುತ್ತಿತ್ತೇ?

ನ್ಯಾಯಾಲಯಗಳೂ ಈ ಅಭ್ಯಾಸದಿಂದ ಹೊರತಲ್ಲ. ಒಡಿಶಾದ ನಿಯಮಗಿರಿಯ ಬಾಕ್ಸೈಟ್ ಗಣಿ ಪ್ರಕರಣದಲ್ಲಿ 2013ರ ಏಪ್ರಿಲ್ 18ರಂದು ಸುಪ್ರೀಂ ಕೋರ್ಟ್ ಪ್ರಶ್ನೆಯನ್ನು ಗ್ರಾಮಸಭೆಗಳ ಮುಂದೆ ಇಡಬೇಕೆಂದಿತು. ಜಿಲ್ಲಾ ನ್ಯಾಯಾಧೀಶರ ಮಟ್ಟದ ಅಧಿಕಾರಿಯ ಸಮ್ಮುಖದಲ್ಲಿ 12 ಹಳ್ಳಿಗಳು ಸಭೆ ಸೇರಿದವು, ಹನ್ನೆರಡೂ ಗಣಿ ಬೇಡ ಎಂದವು. ಸ್ವಯಮಾಡಳಿತದ ಚರಿತ್ರೆಯಲ್ಲಿ ಅದು ದೊಡ್ಡ ದಿನ, ಅನುಮಾನವಿಲ್ಲ. ಆದರೆ ಆ ತೀರ್ಪಿನ ಒತ್ತು ಬಿದ್ದದ್ದು ಅಲ್ಲಿನ ಆದಿವಾಸಿಗಳಾದ ಡೊಂಗ್ರಿಯಾ ಕೊಂಡರ ಧಾರ್ಮಿಕ ಹಕ್ಕಿನ ಮೇಲೆ, ಅವರ ಬೆಟ್ಟದ ದೇವರು ನಿಯಮರಾಜನ ಆರಾಧನೆಗೆ ಗಣಿಯಿಂದ ಧಕ್ಕೆಯೇ ಎಂಬುದರ ಮೇಲೆ. ಸಭೆಯಲ್ಲಿ ಜನ ದೇವರ ಜೊತೆಗೆ ಹೊಲ, ಹಣ್ಣು, ತೊರೆಯ ನೀರಿನ ಮಾತನ್ನೂ ಆಡಿದರು. ನಾಳೆ ಬೆಟ್ಟದಲ್ಲಿ ದೇವರಿಲ್ಲದ ಊರೊಂದು ಗಣಿ ಬೇಡ ಎಂದರೆ ಅದರ ಮಾತಿಗೆ ಬೆಲೆ ಎಷ್ಟು? ನಮ್ಮ ಬಯಲಿನ ಗ್ರಾಮ ಪಂಚಾಯ್ತಿಯವರು ಮನೆ ಕಂದಾಯ ಹಾಕುವ ಮುನ್ನ ತಮ್ಮ ಸಂಸ್ಕೃತಿ ಎಷ್ಟು ಹಳೆಯದೆಂದು ರುಜುವಾತು ಮಾಡಬೇಕಾಗಿಲ್ಲವಲ್ಲ.

ಇಷ್ಟು ಹೇಳಿದ ಮೇಲೆ ಎದುರಾಗುವ ಗಟ್ಟಿ ಆಕ್ಷೇಪ ಹೆಂಗಸರ ಕುರಿತದ್ದು. ಸಂಪ್ರದಾಯದ ಕೈಗೆ ಅಧಿಕಾರ ಕೊಟ್ಟರೆ ಗಂಡಸರ ಕೈಗೆ ಕೊಟ್ಟಂತೆ ಎನ್ನುವವರು ನಾಗಾಲ್ಯಾಂಡ್ ಕಡೆ ಬೆರಳು ತೋರಿಸುತ್ತಾರೆ. ತೋರಿಸಬೇಕಾದ್ದೇ. 2017ರಲ್ಲಿ ಅಲ್ಲಿನ ಪಟ್ಟಣ ಸಂಸ್ಥೆಗಳಲ್ಲಿ ಮಹಿಳೆಯರಿಗೆ ಶೇ. 33 ಮೀಸಲಿಟ್ಟು ರಾಜ್ಯ ಸರ್ಕಾರ ಚುನಾವಣೆಗೆ ಹೊರಟಾಗ, ಸಂವಿಧಾನದ 371ಎ ವಿಧಿ ಕಾಪಾಡುವ ನಮ್ಮ ರೂಢಿಗೆ ಇದು ವಿರುದ್ಧ ಎಂದು ಬುಡಕಟ್ಟು ಸಂಘಟನೆಗಳು ಬೀದಿಗಿಳಿದವು. ದಿಮಾಪುರದಲ್ಲಿ ಇಬ್ಬರು ಸತ್ತರು, ಕೊಹಿಮಾದಲ್ಲಿ ಪುರಸಭೆ ಕಟ್ಟಡ ಹೊತ್ತಿ ಉರಿಯಿತು, ಮುಖ್ಯಮಂತ್ರಿ ಝೆಲಿಯಾಂಗ್ ರಾಜೀನಾಮೆ ಕೊಟ್ಟರು. ಇಲ್ಲೊಂದು ಸೋಜಿಗ ಗಮನಿಸಿ. ಪುರಸಭೆ ಎಂಬುದೇ ನಾಗಾ ಸಂಪ್ರದಾಯದಲ್ಲಿಲ್ಲ. ಇಲ್ಲದ ಸಂಸ್ಥೆಗೆ ಇಲ್ಲದ ರೂಢಿಯನ್ನು ಗಂಡಸರು ಹೊಸದಾಗಿ ಹೊಲಿದುಕೊಟ್ಟರು. ಅದನ್ನು ಕೋರ್ಟಿನವರೆಗೆ ಒಯ್ದು ಪ್ರಶ್ನಿಸಿದವರಲ್ಲಿ 1984ರಲ್ಲಿ ಹುಟ್ಟಿದ ನಾಗಾ ತಾಯಂದಿರ ಸಂಘದ ಹೆಂಗಸರಿದ್ದರು. ಅವರೂ ನಾಗಾಗಳೇ. ಕಡೆಗೆ ಚೌಕಾಸಿ ನಡೆಯಿತು. ಅಧ್ಯಕ್ಷ ಸ್ಥಾನದ ಮೀಸಲಾತಿ, ಆಸ್ತಿ ತೆರಿಗೆ ಹೊಸ ಪುರಸಭೆ ಕಾಯ್ದೆಯಿಂದ ಹೋದವು, ಸದಸ್ಯರ ಶೇ. 33 ಉಳಿಯಿತು. 2004ರ ನಂತರ ಮೊದಲ ಬಾರಿಗೆ 2024ರ ಜೂನ್‌ನಲ್ಲಿ ಚುನಾವಣೆ ಆಯಿತು. ಇದನ್ನು ಓದಿ ಸಂಪ್ರದಾಯ ಕೆಟ್ಟದ್ದು ಎನ್ನುವವರೂ ಪವಿತ್ರ ಎನ್ನುವವರೂ ಒಂದೇ ಎಡವಟ್ಟು ಮಾಡುತ್ತಾರೆ: ಅದು ಯಾವತ್ತೋ ಮುಗಿದುಹೋದ ವಸ್ತು ಎಂದುಕೊಳ್ಳುತ್ತಾರೆ. ಕೋಪ, ಚೌಕಾಸಿಗಳ ನಡುವೆ ಅದು ದಿನಾ ತಯಾರಾಗುತ್ತಿರುತ್ತದೆ. ಹೆಂಗಸರಿಗೆ ಅಲ್ಲಿ ಕೂರಲು ಜಾಗ ಇದೆಯೇ ಎಂಬುದನ್ನು ಕಾನೂನು ಖಾತ್ರಿ ಮಾಡಬೇಕು. ಕೂತು ಏನು ಹೇಳುತ್ತಾರೆಂಬುದು ಅವರಿಗೆ ಬಿಟ್ಟದ್ದು. ಅರಣ್ಯ ಹಕ್ಕು ನಿಯಮಗಳು ಗ್ರಾಮಸಭೆಯ ಹಾಜರಿಯಲ್ಲಿ ಮೂರನೇ ಒಂದು ಪಾಲು ಹೆಂಗಸರಿರಬೇಕು ಎಂದಿರುವುದು ಈ ಕಾರಣಕ್ಕೆ ನನಗೆ ಸರಿ ಕಾಣುತ್ತದೆ. ಕುಲ ಪಂಚಾಯ್ತಿಯ ಪದ್ಧತಿಗೆ ಇದು ಹೊಂದುವುದಿಲ್ಲ ಎನ್ನುವ ಯಜಮಾನರು ಹೊಂದಿಸಿಕೊಳ್ಳಲಿ. ದಂಡ, ತೆರದ ಲೆಕ್ಕ ಬಲ್ಲವರಿಗೆ ಈ ಲೆಕ್ಕ ಕಷ್ಟವಾಗಲಾರದು.

ಕರ್ನಾಟಕದ ತೊಂದರೆ ಇನ್ನೂ ಸಾದಾ. ಸಂವಿಧಾನದ ಐದನೇ ಅನುಸೂಚಿಯ ಪ್ರದೇಶ ನಮ್ಮ ರಾಜ್ಯದಲ್ಲಿ ಒಂದೂ ಇಲ್ಲ. ಹೀಗಾಗಿ ಬುಡಕಟ್ಟು ಗ್ರಾಮಸಭೆಗಳಿಗೆ ಬಲ ಕೊಟ್ಟ 1996ರ ಪೆಸಾ ಕಾಯ್ದೆ ಇಲ್ಲಿ ಜಾರಿಗೇ ಬರುವುದಿಲ್ಲ. ಸೋಲಿಗರಿಗೂ ಜೇನುಕುರುಬರಿಗೂ ಉಳಿದಿರುವ ಬಾಗಿಲು ಅರಣ್ಯ ಹಕ್ಕು ಕಾಯ್ದೆಯ ಗ್ರಾಮಸಭೆಯೊಂದೇ. ಅದು ಪೋಡಿನ ಮಟ್ಟದಲ್ಲಿ, ಹಾಡಿಯ ಮಟ್ಟದಲ್ಲಿ ಸೇರಬೇಕು. ಬಯಲಿನ ನಾಲ್ಕಾರು ಹಳ್ಳಿಗಳನ್ನು ಕಟ್ಟಿಕೊಂಡ ಪಂಚಾಯ್ತಿಯ ಸಭೆಯಲ್ಲಿ ಪೋಡಿನ ದನಿ ಹಿಂದಿನ ಸಾಲಿಗೆ ಹೋಗುತ್ತದೆ. ಹಕ್ಕುಪತ್ರ ಕೈಗೆ ಬಂದಲ್ಲೂ ಕಾಡಿನ ನಿರ್ವಹಣಾ ಯೋಜನೆ ಬರೆಯುವುದು ಇಲಾಖೆಯೇ. ಗ್ರಾಮಸಭೆಯ ಅರಣ್ಯ ಸಮಿತಿ ತನ್ನ ಯೋಜನೆ ಬರೆಯಬೇಕು, ಇಲಾಖೆಯ ಯೋಜನೆ ಅದರ ಜೊತೆ ಹೊಂದಿಕೊಳ್ಳಬೇಕು ಎಂಬುದು ಕಾಯ್ದೆಯ ಆಶಯ. ಬಿಳಿಗಿರಿಯಲ್ಲಿ ಇದಕ್ಕೆ ಮೊದಲ ಪರೀಕ್ಷೆಯಾಗಿ ತರಗು ಬೆಂಕಿಯ ವಿಷಯವನ್ನೇ ಎತ್ತಿಕೊಳ್ಳಬಹುದು. ಯಾವ ಪೋಡಿನ ಸುತ್ತ, ಯಾವ ತಿಂಗಳು, ಎಷ್ಟು ಜಾಗ ಎಂದು ಸಭೆ ಠರಾವು ಬರೆಯಲಿ. ಬೇಡ ಎನ್ನುವುದಾದರೆ ವಲಯ ಅರಣ್ಯಾಧಿಕಾರಿ ಅದೇ ಸಭೆಗೆ ಬಂದು ಕೂತು ಯಾಕೆ ಬೇಡ ಎಂದು ಹೇಳಲಿ, ಆ ಉತ್ತರವೂ ನಡಾವಳಿಯಲ್ಲಿ ದಾಖಲಾಗಲಿ.