ಗೋಡೆ ಕೇಳುವ ಸಾಮಾನು

ಬಣ್ಣದ ಕಂಪನಿ ಯಾವುದು, ಶೇಡ್ ಯಾವುದು, ಎಷ್ಟು ವರ್ಷ ಬಾಳಿಕೆ ಎಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಅರ್ಧ ತಾಸು ಮಾತಾಡುವ ನಾವು, ಉಪ್ಪುಕಾಗದದ ಮಾತು ಬಂದಾಗ ‘ಯಾವುದಾದರೂ ನಾಕು ಹಾಳಿ ಕೊಡ್ರಿ’ ಅಂದುಬಿಡುತ್ತೇವೆ. ರೋಲರಿಗೂ ಅದೇ ಗತಿ. ಈ ರೂಢಿ ತಪ್ಪು. ಸಾಮಾನು ಆರಿಸಬೇಕಾದದ್ದು ಗೋಡೆ ನೋಡಿ. ಯಾದಗಿರಿ ಜಿಲ್ಲೆಯಲ್ಲಂತೂ ಈ ಮಾತಿಗೆ ಹೆಚ್ಚು ತೂಕ. ಶಹಾಪುರ, ಸುರಪುರದ ಹಳೆಯ ಓಣಿಗಳಲ್ಲಿ ಗುಡ್ಡದ ಕಲ್ಲಿಗೆ ಮಣ್ಣು ಮೆತ್ತಿ ಕಟ್ಟಿದ ಗೋಡೆ, ತಲೆಮಾರುಗಳ ಸುಣ್ಣ ಹೊತ್ತ ಗೋಡೆ, ಮೊನ್ನೆಮೊನ್ನೆ ಸಿಮೆಂಟ್ ಗಿಲಾವ ಮಾಡಿ ಪುಟ್ಟಿ ಎಳೆದ ಗೋಡೆ ಅಕ್ಕಪಕ್ಕದಲ್ಲೇ ನಿಂತಿರುತ್ತವೆ. ಮೂರಕ್ಕೂ ಒಂದೇ ರೋಲರ್, ಒಂದೇ ಕಾಗದ ಸಾಗುವುದಿಲ್ಲ.

ಉಪ್ಪುಕಾಗದದ ಬೆನ್ನಿಗೆ ಅಚ್ಚಾದ ನಂಬರು ಏರಿದಷ್ಟೂ ಅದರ ಹರಳು ಸಣ್ಣ. ಎದ್ದು ನಿಂತ ಹಳೆ ಬಣ್ಣ ಕೀಳಲಿಕ್ಕೆ 80, ಮರದ ಒರಟು ತೆಗೆಯಲಿಕ್ಕೆ 120. ಪುಟ್ಟಿಗೆ 180ರಿಂದ ಶುರುಮಾಡಿ 220ಕ್ಕೆ ಮುಗಿಸಬೇಕು. ಪುಟ್ಟಿಯ ಮೇಲೆ 80 ಎಳೆದರೆ ಬೀಳುವ ಗೀರು ಹಗಲಲ್ಲಿ ಅಷ್ಟಾಗಿ ಕಾಣದು. ಸಂಜೆ ಅದೇ ಗೋಡೆಯ ನೆತ್ತಿಯ ಟ್ಯೂಬ್‌ಲೈಟ್ ಹೊತ್ತಿದ ಕೂಡಲೆ ಬೆಳಕು ಓರೆಯಾಗಿ ಇಳಿದು ಒಂದೊಂದು ಗೀರಿಗೂ ಒಂದೊಂದು ನೆರಳು ಹುಟ್ಟುತ್ತದೆ. ಎಂಥ ದುಬಾರಿ ಬಣ್ಣವೂ ಅದನ್ನು ಮುಚ್ಚದು. ರೋಲರಿನ ಜುಂಜಿಗೂ ಹೀಗೇ ಲೆಕ್ಕವಿದೆ: ನುಣುಪು ಗೋಡೆಗೆ ಸುಮಾರು 10 ಮಿಲಿಮೀಟರ್, ಒರಟು ಗಿಲಾವಕ್ಕೆ 18ರ ಮೇಲೆ. ಕಲ್ಲುಗೋಡೆಯ ಸಂದಿಗೆ ಯಾವ ರೋಲರೂ ಇಳಿಯದು, ಅಲ್ಲಿ ಕುಂಚವೇ ಬೇಕು. ಇನ್ನು ಸುಣ್ಣದ ಗೋಡೆಯ ಮೇಲೆ ನೇರವಾಗಿ ಎಮಲ್ಷನ್ ಉರುಳಿಸಿದರೆ ಅಂಟು ಬಣ್ಣ ಸಡಿಲ ಸುಣ್ಣವನ್ನೇ ಎತ್ತಿಕೊಂಡು ಬರುತ್ತದೆ. ಉಳಿದದ್ದು ಮುಂದಿನ ಮಳೆಗಾಲಕ್ಕೆ ಹಕ್ಕಳೆ ಏಳುತ್ತದೆ. ಸುಣ್ಣಕ್ಕೆ ನಾರಿನ ಕುಂಚವೇ ಸರಿ, ಸುಣ್ಣದ ಖಾರಕ್ಕೆ ಕೂದಲಿನ ಕುಂಚ ಬೆಂದುಹೋಗುತ್ತದೆ. ಚಿಕಣಿ ಚಿತ್ರಕಲೆಯ ಶೈಲಿಗೆ ಹೆಸರಾದ ಊರು ಸುರಪುರ. ಎಳೆಗೆರೆಗೆ ಒಂದು ಕುಂಚ, ಮೈ ತುಂಬಲು ಇನ್ನೊಂದು ಎಂಬ ವಿವೇಕ ಅಲ್ಲಿನ ಮನೆಗೋಡೆಗೂ ಸಲ್ಲಬೇಕು.

ಸಾಮಾನಿನ ಆಯ್ಕೆ ಬರೀ ಅಂದದ ಮಾತಾಗಿದ್ದರೆ ಇಷ್ಟು ಒತ್ತಿ ಹೇಳಬೇಕಿರಲಿಲ್ಲ. ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ ಭಾರತದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್ 1ರಂದು. ಅದಕ್ಕೂ ಮುಂಚೆ ಎಣ್ಣೆಬಣ್ಣ ಕಂಡ ಬಾಗಿಲು, ಕಿಟಕಿ, ತೊಲೆಗಳಲ್ಲಿ ಸೀಸ ಇದ್ದೀತೆಂದೇ ತಿಳಿದು ನಡೆಯಬೇಕು. ಅಂಥ ಬಾಗಿಲನ್ನು ಒಣ ಕಾಗದದಿಂದ ಗಸಗಸ ಉಜ್ಜಿದಾಗ ಏಳುವ ಧೂಳು ಹೊಸ್ತಿಲಿಗೆ ಕೂರುತ್ತದೆ. ಅಂಬೆಗಾಲಿಡುವ ಮಗು ಅದೇ ಹೊಸ್ತಿಲಿಗೆ ಕೈಯೂರಿ ಆ ಕೈ ಬಾಯಿಗಿಡುತ್ತದೆ. ಸೀಸ ಮೊದಲು ಕೆಡಿಸುವುದು ಮಕ್ಕಳ ಮಿದುಳನ್ನು. ಇಲ್ಲಿ ಕೊಳ್ಳಬೇಕಾದದ್ದು ನೀರಿಗೆ ತಡೆಯುವ ಕಪ್ಪು ಕಾಗದ. ಬಾಗಿಲು ಒದ್ದೆ ಮಾಡಿ ಉಜ್ಜಬೇಕು, ಕೆಸರನ್ನು ಬಟ್ಟೆಯಿಂದ ಒರೆಸಿ ತೆಗೆಯಬೇಕು; ಕಸಬರಿಗೆ ಹಚ್ಚಬಾರದು. ಉಜ್ಜುವವರ ಮೂಗಿಗೆ ಕರವಸ್ತ್ರ ಸಾಲದು, ಎನ್95 ಮಾಸ್ಕ್ ಕೊಡಿಸುವುದು ಮನೆಯವರ ಹೊಣೆ.

‘ಸಾಮಾನಿನ ಚಿಂತೆ ಪೇಂಟರಿನದು, ನಮಗ್ಯಾಕೆ?’ ಎನ್ನುವವರಿದ್ದಾರೆ. ಚದರಡಿ ಲೆಕ್ಕದಲ್ಲಿ ಗುತ್ತಿಗೆ ಕೊಟ್ಟಾಗ ಪ್ರತಿ ಹಾಳೆ, ಪ್ರತಿ ರೋಲರ್ ಅವರ ದುಡಿಮೆಯಿಂದಲೇ ಹೋಗಬೇಕು. ಸವೆದ ಕಾಗದ, ಗಟ್ಟಿಯಾದ ರೋಲರ್ ಮನೆಯಿಂದ ಮನೆಗೆ ತಿರುಗುವುದು ಅದಕ್ಕೇ. ತಪ್ಪು ಗುತ್ತಿಗೆಯ ರೀತಿಯದು, ದುಡಿಯುವವರದಲ್ಲ. ಇವೆರಡನ್ನು ಮನೆಯವರೇ ಬೇರೆಯಾಗಿ ಕೊಂಡು ಕೊಟ್ಟರೆ ಆ ತೊಡಕು ತಪ್ಪುತ್ತದೆ. ‘ನುರಿತ ಕೈ ಇದ್ದರೆ ಸಾಮಾನು ಎಂಥದಿದ್ದರೂ ನಡೆದೀತು’ ಎಂಬ ಮಾತಿನಲ್ಲಿ ಅರ್ಧ ಸತ್ಯವಿದೆ. ನಲವತ್ತು ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ರೋಲರನ್ನು ಮೊದಲು ನೀರಲ್ಲಿ ಅದ್ದಿ ಹಿಂಡಿಕೊಳ್ಳುವುದು, ಬಿಸಿಲು ಬೀಳುವ ಗೋಡೆಯನ್ನು ಎಳೆ ಬೆಳಗಿನಲ್ಲೇ ಮುಗಿಸುವುದು ನುರಿತವರಿಗೆ ಗೊತ್ತು. ಆದರೆ ಎಳೆ ಉದುರಿಸುವ ಅಗ್ಗದ ರೋಲರಿನ ಎಳೆಗಳನ್ನು ಒಣಗಿದ ಬಣ್ಣದಿಂದ ಯಾವ ಕೈಯೂ ಆರಿಸಲಾರದು. ಖರ್ಚಿನ ಆಕ್ಷೇಪವೂ ನಿಲ್ಲದು: ಒಂದು ಹಾಳೆ ಉಪ್ಪುಕಾಗದಕ್ಕೆ ಕೊಡುವ ಹಣ ಒಂದು ಲೀಟರ್ ಒಳ್ಳೆ ಬಣ್ಣದ ಬೆಲೆಯಲ್ಲಿ ಲೆಕ್ಕಕ್ಕೂ ಬಾರದು.

ನೆಲದ ವಿಷಯ ಎಲ್ಲರೂ ಮರೆಯುತ್ತಾರೆ. ಶಹಾಬಾದಿ ಪರ್ಸಿ ಸುಣ್ಣಕಲ್ಲು; ಬಿದ್ದ ಪುಟ್ಟಿಯ ಹನಿ ತೆಗೆಯಲು ಆಸಿಡ್ ಸುರಿದರೆ ಹನಿಯ ಜೊತೆ ಕಲ್ಲಿನ ಮೈಯೂ ನೊರೆಯೆದ್ದು ಕರಗುತ್ತದೆ, ಆ ಮಾಸಲು ಕಲೆ ಮತ್ತೆ ಹೋಗದು. ತೊಗರಿ ಖಾಲಿಯಾದ ನಾಲ್ಕು ಚೀಲ ಹಾಸಿದರೆ ಸಾಕಿತ್ತು. ಈ ಸಲ ಅಂಗಡಿಗೆ ಹೋಗುವ ಮುಂಚೆ ಅಂಗೈಯಿಂದ ಗೋಡೆ ಸವರಿ ನೋಡಿ. ಕೈಗೆ ಬಿಳಿ ಹತ್ತಿದರೆ ರೋಲರ್ ಬೇಡ. ಕೆರೆಯುವ ತಗಡು, ನಾರಿನ ಕುಂಚ ತನ್ನಿ.