ಸಿಗ್ನಲ್ ಸೋತಲ್ಲೂ ಒದಗುವ ನಿಘಂಟು

ಉತ್ತರ ಕನ್ನಡ ಜಿಲ್ಲೆಯ ಜೋಯಿಡಾದ ಕಾಡಿನ ಹಳ್ಳಿಗಳಲ್ಲಿ ಸಿಗ್ನಲ್‌ಗಾಗಿ ದಿಣ್ಣೆ ಹತ್ತುವವರು ಈಗಲೂ ಇದ್ದಾರೆ. ದೊಡ್ಡ ಚಿತ್ರ, ಕುಣಿಯುವ ಜಾಹೀರಾತು ತುಂಬಿದ ಜಾಲತಾಣ ಅಲ್ಲಿ ತೆರೆಯುವುದೇ ಇಲ್ಲ. ಜಾಲತಾಣದ ವಿನ್ಯಾಸಕ್ಕೆ ನಿಜವಾದ ಪರೀಕ್ಷೆ ಅಂಥ ಜಾಗವೇ.

ಆ ಪರೀಕ್ಷೆಗೆ ಒಡ್ಡಬಹುದಾದ ತಾಣ ‘ಅಲರ್’. ವಿ. ಕೃಷ್ಣ ಅವರು ಸುಮಾರು ನಾಲ್ಕು ದಶಕ ಒಬ್ಬರೇ ಕೂತು ಕಟ್ಟಿದ ಕನ್ನಡ-ಇಂಗ್ಲಿಷ್ ನಿಘಂಟು ಇದು. ಒಂದೂವರೆ ಲಕ್ಷದಷ್ಟು ಪದಗಳಿವೆ. ತಂತ್ರಜ್ಞ ಕೈಲಾಶ್ ನಾಧ್ 2019ರಲ್ಲಿ ಇದನ್ನು ಜಾಲಕ್ಕೆ ತಂದರು. ತೆರೆದರೆ ಮೊದಲು ಕಾಣುವುದು ಹುಡುಕುವ ಒಂದು ಪೆಟ್ಟಿಗೆ. ಜಾಹೀರಾತಿಲ್ಲ, ಲಾಗಿನ್ ಇಲ್ಲ.

ಜಾಣ್ಮೆ ಇರುವುದು ಒಳಗೆ. ಹುಡುಕಾಟ ಅಕ್ಷರಕ್ಕಿಂತ ಉಚ್ಚಾರಣೆಯನ್ನು ನೆಚ್ಚುತ್ತದೆ. ಲ-ಳ, ಅಲ್ಪಪ್ರಾಣ-ಮಹಾಪ್ರಾಣ ತಪ್ಪಿದರೂ ಹತ್ತಿರದ ಪದ ಸಿಗುವ ಸಾಧ್ಯತೆ ಹೆಚ್ಚು. ಮನೆಯಲ್ಲಿ ಕೊಂಕಣಿ, ಮರಾಠಿ ಆಡುವ ಹಳಿಯಾಳ-ದಾಂಡೇಲಿಯ ಮಕ್ಕಳಿಗೆ, ಮುಂಡಗೋಡದ ಟಿಬೆಟನ್ ಶಿಬಿರದಲ್ಲಿ ಕನ್ನಡ ಕಲಿಯುವವರಿಗೆ ಇದಕ್ಕಿಂತ ದೊಡ್ಡ ಸೌಜನ್ಯ ಬೇರೆ ಯಾವುದು? ತಪ್ಪು ಬರೆದವರನ್ನು ಬರಿಗೈಲಿ ಕಳಿಸದಿರುವುದೇ ಒಳ್ಳೆಯ ವಿನ್ಯಾಸ.

ಕೊರತೆಯೂ ಇದೆ: ಅರ್ಥವಿವರಣೆ ಇಂಗ್ಲಿಷಿನಲ್ಲಿದೆ. ಆದರೆ ದತ್ತಾಂಶ ಮುಕ್ತ ಪರವಾನಗಿಯಲ್ಲಿ ಲಭ್ಯ; ಬೇಕಾದವರು ಅದನ್ನು ಬೆಳೆಸಬಹುದು. ನಮ್ಮ ಶಾಲೆ, ಪಂಚಾಯಿತಿಗಳಿಗೆ ಜಾಲತಾಣ ಮಾಡುವವರು ಮೊದಲು ಈ ಪುಟವನ್ನೊಮ್ಮೆ ತೆರೆದು ನೋಡಲಿ.