ಪರದೆ ಯಾವುದಾದರೇನು, ಪುಸ್ತಕ ಸಿಗಬೇಕಲ್ಲ

ಬೇತಮಂಗಲದಿಂದ ಬಂಗಾರಪೇಟೆಗೆ ಬಂದು ಬೆಂಗಳೂರಿನ ರೈಲು ಹತ್ತುವ ಹೊತ್ತಿಗೆ ಮಾರಿಕುಪ್ಪಂ, ಕೋರಮಂಡಲ್, ಉರಿಗಾಂ ಕಡೆಯವರು ಸೀಟು ಹಿಡಿದಿರುತ್ತಾರೆ. 2001ರಲ್ಲಿ ಕೆಜಿಎಫ್‌ನ ಚಿನ್ನದ ಗಣಿ ಮುಚ್ಚಿದ ಮೇಲೆ ಇಲ್ಲಿ ಎಷ್ಟೋ ಮನೆಗಳ ಹೊಟ್ಟೆಪಾಡು ಈ ರೈಲನ್ನೇ ನಂಬಿದೆ. ನಿಂತೇ ಓದುವವರ ಒಂದು ಕೈ ಕಂಬಿಯ ಮೇಲೆ. ಇನ್ನೊಂದು ಕೈಯಲ್ಲಿ ಇನ್ನೂರು ಗ್ರಾಂ ಆಸುಪಾಸಿನ ಇ-ಇಂಕ್ ರೀಡರ್ ಹಗುರ; ಅರ್ಧ ಕಿಲೋ ತೂಗುವ ಹತ್ತಿಂಚಿನ ಟ್ಯಾಬ್ ಹಿಡಿದರೆ ವೈಟ್‌ಫೀಲ್ಡ್ ಬರುವಷ್ಟರಲ್ಲಿ ಮಣಿಕಟ್ಟು ಸೋಲುತ್ತದೆ.

ಇ-ಇಂಕ್ ಪರದೆಯ ಒಳಗಿರುವುದು ಕೂದಲೆಳೆಯಷ್ಟು ಅಗಲದ ಗುಳಿಗೆಗಳು, ಅವುಗಳಲ್ಲಿ ಕಪ್ಪು-ಬಿಳಿ ಕಣಗಳು. ಪುಟ ತಿರುಗಿಸುವಾಗ ಮಾತ್ರ ವಿದ್ಯುತ್ ಹರಿದು ಕಣಗಳು ಜಾಗ ಬದಲಿಸುತ್ತವೆ. ಹಾಗಾಗಿ ಚಾರ್ಜ್ ವಾರಗಟ್ಟಲೆ ಬರುತ್ತದೆ. ಕಿಟಕಿಯ ಬಿಸಿಲು ಬಿದ್ದರೆ ಅಕ್ಷರ ಇನ್ನಷ್ಟು ಸ್ಪಷ್ಟ. ಟ್ಯಾಬಿನಲ್ಲಾದರೆ ಅದೇ ಬಿಸಿಲಿಗೆ ಕಾಣುವುದು ನಮ್ಮದೇ ಮುಖ. ಇಷ್ಟಕ್ಕೇ ತೀರ್ಪು ಕೊಡುವುದಾದರೆ ಇ-ಇಂಕ್ ಗೆದ್ದಂತೆಯೇ.

ಆದರೆ ಓದುವುದು ಯಾವ ಭಾಷೆಯನ್ನು? 2016ರ ಡಿಸೆಂಬರಿನಲ್ಲಿ ಅಮೆಜಾನ್ ತನ್ನ ಇ-ಇಂಕ್ ರೀಡರ್ ಕಿಂಡಲ್‌ಗೆ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಪುಸ್ತಕಗಳನ್ನು ತಂದಾಗ ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಕೆಜಿಎಫ್‌ನ ತಮಿಳು ಓದುಗನಿಗೆ ತೆರೆದ ಅಂಗಡಿಯಲ್ಲಿ ಪಕ್ಕದ ಮನೆಯ ಕನ್ನಡಿಗನಿಗೆ ಸರಕಿಲ್ಲ! ಕನ್ನಡದ ಇ-ಪುಸ್ತಕ ಮಾರುವ ಮೈಲ್ಯಾಂಗ್‌ನಂಥವು ಮೊಬೈಲ್ ಆ್ಯಪ್‌ಗಳು. ಕಿಂಡಲ್‌ನಲ್ಲಿ ಅವಕ್ಕೆ ಜಾಗವಿಲ್ಲ.

ಉಳಿದದ್ದು ಹಳೆಯ ಪುಸ್ತಕಗಳ ಸ್ಕ್ಯಾನ್. ಹಕ್ಕುಸ್ವಾಮ್ಯ ಮುಗಿದ ಕೈಲಾಸಂ, ಎಂ.ಎಸ್. ಪುಟ್ಟಣ್ಣನವರ ಕೃತಿಗಳನ್ನು ಹೀಗೆ ಓದಬಹುದು. ಆರಿಂಚಿನ ಇ-ಇಂಕ್‌ನಲ್ಲಿ ಅಂಥ ಪುಟ ತೆರೆದು ನೋಡಿ. ಇಡೀ ಪುಟ ಕುಗ್ಗಿ, ‘ರಾಷ್ಟ್ರ’ದ ಕೆಳಗಿನ ಒತ್ತುಗಳು ಮಸಿಯ ಚುಕ್ಕೆಯಾಗುತ್ತವೆ. ಹಿಗ್ಗಿಸಿದರೆ ಪರದೆ ಒಮ್ಮೆ ಕಪ್ಪಾಗಿ ಬೆಳಗುತ್ತದೆ, ಸಾಲಿನ ಬಲತುದಿ ಮಾಯ. ಅತ್ತ ಸರಿಸಿದರೆ ಮತ್ತೆ ಕಪ್ಪು. ಒಂದು ಪ್ಯಾರಾ ಮುಗಿಸುವಷ್ಟರಲ್ಲಿ ಕೈಲಾಸಂ ನಗೆಯೂ ಹುಳಿಯಾಗಿರುತ್ತದೆ. ಟ್ಯಾಬಿನಲ್ಲಿ ಎರಡು ಬೆರಳಲ್ಲಿ ಮುಗಿಯುವ ಕೆಲಸ ಇದು.

ಬಣ್ಣದ ಇ-ಇಂಕ್ ಬಂದಿದೆಯಲ್ಲ ಎನ್ನಬಹುದು. ಪರದೆಯ ಮೇಲೆ ಬಣ್ಣದ ಸೋಸುಪದರ ಹಾಸುವುದರಿಂದ ಹಿನ್ನೆಲೆ ಮಂಕು, ಬಣ್ಣವೂ ಪೇಲವ. ಮಕ್ಕಳ ಸಮಾಜ ಪಠ್ಯದ ಭೂಪಟಕ್ಕೆ ಅದು ಸಾಲದು. ಬೂಕ್ಸ್‌ನಂಥ ಆಂಡ್ರಾಯ್ಡ್ ಇ-ಇಂಕ್ ಸಾಧನಗಳು ಕನ್ನಡದ ಆ್ಯಪ್‌ಗಳಿಗೂ ದಾರಿ ಕೊಡುತ್ತವೆ, ನಿಜ. ಆ ಬೆಲೆಗೆ ಒಳ್ಳೆಯ ಟ್ಯಾಬ್ ಬಂದು ದುಡ್ಡೂ ಉಳಿಯುತ್ತದೆ.

ಇಂಗ್ಲಿಷ್ ಕಾದಂಬರಿಯೇ ಮುಖ್ಯವಾದರೆ ಕಣ್ಣುಮುಚ್ಚಿ ಇ-ಇಂಕ್ ಕೊಳ್ಳಿ. ಕನ್ನಡದವರಿಗೆ ನಾನು ಹೇಳುವುದು ಹತ್ತಿಂಚಿನ ಟ್ಯಾಬ್, ವಾಟ್ಸ್‌ಆ್ಯಪ್ ಹಾಕಿಸದೆ. ನಮ್ಮ ಪ್ರಕಾಶಕರು ಯಾವ ಯಂತ್ರದಲ್ಲಾದರೂ ತೆರೆಯುವ ಇಪಬ್ ಕಡತಗಳನ್ನು ಧಾರಾಳವಾಗಿ ಮಾರತೊಡಗಿದ ದಿನ ಈ ಸಲಹೆಯನ್ನು ವಾಪಸ್ ತೆಗೆದುಕೊಳ್ಳುತ್ತೇನೆ.